ಹೆಟ್ಟಿ ಮೇಚಿನ್ ದಾಟಿದ ಬಗೆ

ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆಯುವಾಗ ಹೆಟ್ಟಿ ಮೇಚಿನ್ ಉಸಿರು ಬಿಡುತ್ತಿರಲಿಲ್ಲ. ಎಡಗೈಯಿಂದ ತಿರುಗುಮಣೆಯನ್ನು ಒಮ್ಮೆ ತಳ್ಳಿ, ಬಲಗೈಯ ಕುಂಚವನ್ನು ಅಂಚಿಗೆ ತಾಗಿಸಿ, ಬಟ್ಟಲು ಒಂದು ಸುತ್ತು ಬರುವವರೆಗೆ ಕಲ್ಲಿನಂತೆ ಕೂರುತ್ತಿದ್ದಳು. ಬೆಂಕಿಗೆ ಹೋಗುವ ಮೊದಲು ಆ ಚಿನ್ನ ಚಿನ್ನದ ಹಾಗೆ ಇರುವುದಿಲ್ಲ. ಕಾಕಂಬಿಯಂತೆ ಕಂದಾಗಿ, ಅಂಟಂಟಾಗಿ ಇರುತ್ತದೆ. ಇಂಗ್ಲಿಷರ ನಾಡಿನ ಲಾಂಗ್ಟನ್ ಎಂಬ ಊರಿನ ಪಿಂಗಾಣಿ ಕಾರ್ಖಾನೆಯೊಂದರ ಬಣ್ಣದ ಕೋಣೆಯಲ್ಲಿ ಮೂರು ವರ್ಷ ನಾನು ಆಕೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ಅಂಥ ಕೈಯನ್ನು ಮತ್ತೆ ನೋಡಲಿಲ್ಲ. ಅಂಥ ಬಾಯನ್ನೂ ನೋಡಲಿಲ್ಲ.

ನಾನು ಸೇರಿದ್ದು ಎಪ್ಪತ್ತೈದರಲ್ಲಿ. ಸರೋಜಿನಿ ಎಂಬ ಹೆಸರು ಅವರ ನಾಲಿಗೆಗೆ ಹತ್ತದೆ ಮೊದಲ ವಾರದಲ್ಲೇ ಸಾರಾ ಆದೆ. ನನ್ನ ಇಂಗ್ಲಿಷು ಚನ್ನಪಟ್ಟಣದ ಹೈಸ್ಕೂಲಿನದು. ವ್ಯಾಕರಣ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರಡನೆಯ ಚಳಿಗಾಲದಲ್ಲಿ ಅಮ್ಮ ತೀರಿಕೊಂಡ ಕಾಗದ ಹದಿನೆಂಟು ದಿನ ತಡವಾಗಿ ಬಂತು. ಅಷ್ಟರಲ್ಲಿ ಅಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಮಾರನೆಯ ದಿನ ಬೆಂಚಿನಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗ ನಮ್ಮ ಮೇಸ್ತ್ರಿ ಪಾಲಿನ್ ಟಾಮ್ಸ್ ಬಂದು ಭುಜ ತಟ್ಟಿ, “ಯೂ ವಿಲ್ ಗೆಟ್ ಓವರ್ ಇಟ್, ಡಕ್” ಎಂದು ಹೇಳಿ ಹೋದಳು. ಡಕ್ ಅಂದರೆ ಆ ಊರಿನಲ್ಲಿ ತೊಟ್ಟಿಲ ಕೂಸಿನಿಂದ ಪಾದ್ರಿಯವರೆಗೆ ಎಲ್ಲರಿಗೂ ಹೇಳುವ ಮಾತು, ನಮ್ಮಲ್ಲಿ ಮಾರಾಯ್ತಿ ಅಂದ ಹಾಗೆ. ಅದು ಗೊತ್ತಿತ್ತು. ಉಳಿದದ್ದು ತಿಳಿಯಲಿಲ್ಲ. ಪ್ರತಿ ಪದವೂ ಗೊತ್ತು, ಆದರೆ ಒಟ್ಟಿಗೆ ಸೇರಿದಾಗ ಅರ್ಥ ಕೈಗೆ ಸಿಗುತ್ತಿಲ್ಲ. ಯಾವುದರ ಮೇಲೆ ಹತ್ತಬೇಕು ನಾನು?

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೇಳಿದೆ. ಎದುರು ಬೆಂಚಿನ ನೋರಾ ಬ್ಲೂರ್ ಕಿಸಕ್ಕೆಂದು ನಕ್ಕಳು.

“ಅಷ್ಟೂ ಗೊತ್ತಿಲ್ವಾ ನಿಂಗೆ? ಜ್ವರ ಬಂದ್ರೆ ಗೆಟ್ ಓವರ್. ಗಂಡ ಬಿಟ್ಟೋದ್ರೆ ಗೆಟ್ ಓವರ್. ಬೇಲಿ ಅಡ್ಡ ಬಂದ್ರೂ ಗೆಟ್ ಓವರೇ. ನಾನು ಮೂರೂ ಮಾಡಿದೀನಿ. ಬೇಲೀನೇ ಕಷ್ಟ ಆಗಿದ್ದು.”

ಹೆಟ್ಟಿ ತಲೆ ಎತ್ತದೆ ಹೇಳಿದಳು: “ಅವಳ ಮಾತು ಕೇಳ್ಬೇಡ. ನಿನ್ನ ಅಳು ನೋಡಿ ನಮಗೆ ಸಾಕಾಯ್ತು, ಇನ್ನು ಬಾಯಿ ಮುಚ್ಚು ಅಂತ ಅದರರ್ಥ.”

“ಹಾಗಾ?”

“ನಿಂಗೆ ಒಂದು ವಾರ ಕೊಟ್ಟಾರು. ದೂರದಲ್ಲಿ ಸತ್ತ ತಾಯಿಗೆ ಒಂದು ವಾರ. ನಂಗೆ ಆರು ವಾರ ಕೊಟ್ಟಿದ್ರು. ಸತ್ತಿದ್ದು ಮಗು ಅಲ್ವಾ, ಅದಕ್ಕೆ ಸ್ವಲ್ಪ ಜಾಸ್ತಿ.”

ಆಕೆಗೊಂದು ಮಗುವಿತ್ತು ಎಂದು ನನಗೆ ಗೊತ್ತಾದದ್ದು ಹೀಗೆ. ಆ ಸಂಜೆ ನನ್ನ ಯಜಮಾನರ ಡಿಕ್ಷನರಿ ತೆಗೆದು ನೋಡಿದೆ. ಚೇತರಿಸಿಕೊಳ್ಳು, ಗುಣ ಹೊಂದು, ಪಾರಾಗು ಎಂದಿತ್ತು. ಡಿಕ್ಷನರಿ ಸರಿಯೋ ಹೆಟ್ಟಿ ಸರಿಯೋ ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಹೆಟ್ಟಿ ಹದಿನಾಲ್ಕನೆಯ ವಯಸ್ಸಿಗೆ ಆ ಬೆಂಚಿಗೆ ಬಂದವಳು. ಗಂಡ ಹೊರೇಸ್ ಅದೇ ಕಾರ್ಖಾನೆಯಲ್ಲಿ ಭಟ್ಟಿಗೆ ಬೆಂಕಿ ಹಾಕುತ್ತಿದ್ದ. ಮಾತು ಕಡಿಮೆ, ಕೆಮ್ಮು ಹೆಚ್ಚು; ನಾನು ಹೋಗುವ ಹೊತ್ತಿಗೆ ಆತ ಇರಲಿಲ್ಲ. ಒಬ್ಬಳೇ ಮಗಳು ಗ್ಲೆನಿಸ್. ದುಡಿಯುವ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ, ಹಿರಿಯ ಮಿಸೆಸ್ ಮೇಚಿನ್. ಅವರ ಬೀದಿಯ ಹಿಂದೆಯೇ ಜೇಡಿಮಣ್ಣು ತೆಗೆದು ಬಿಟ್ಟ ಹೊಂಡ. ಮನೆಗಿಂತ ಆಳ, ತುಂಬ ಕಪ್ಪು ನೀರು. ಹೋಗಬೇಡಿ ಎಂದು ಎಲ್ಲ ತಾಯಂದಿರೂ ಬೈಯುತ್ತಿದ್ದರು, ಎಲ್ಲ ಮಕ್ಕಳೂ ಹೋಗುತ್ತಿದ್ದರು.

ಐವತ್ತೈದರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಗ್ಲೆನಿಸ್ ತನ್ನ ಓರಗೆಯ ಗೆಳತಿಯೊಬ್ಬಳ ಜೊತೆ ಅಲ್ಲಿಗೆ ಹೋದಳು. ಇಬ್ಬರಿಗೂ ಎಂಟು ವರ್ಷ. ದಡದ ಒದ್ದೆ ಮಣ್ಣು ಜಾರಿತು. ಹೆಟ್ಟಿ ಅರ್ಧ ದಿನದ ಕೆಲಸ ಮುಗಿಸಿ ಹನ್ನೆರಡೂವರೆಗೆ ಬಂದು ಮಗಳೆಲ್ಲಿ ಎಂದು ಕೇಳಿದಾಗ ಅತ್ತೆ, “ಎಲ್ಲೋ ಆಡ್ತಿರ್ಬೇಕು, ಬರ್ತಾಳೆ ಬಿಡು” ಅಂದಳು. ಮೂರು ಗಂಟೆಗೆ ಪೊಲೀಸಿನವನು ಬಂದು ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ ಮೇಲೆ ಆ ಗೆಳತಿ ಬಾಯಿ ಬಿಟ್ಟಳು. ನಾಲ್ಕು ಗಂಟೆಗೆ ಗ್ಲೆನಿಸ್ಸಳನ್ನು ಮೇಲಕ್ಕೆತ್ತಿದರು.

ಆ ಗೆಳತಿಯೇ ಪಾಲಿನ್ ಟಾಮ್ಸ್.

ಹನ್ನೊಂದಕ್ಕೆ ಕಣ್ಣೆದುರೇ ಮುಳುಗಿದವಳ ಸುದ್ದಿಯನ್ನು ನಾಲ್ಕು ಗಂಟೆ ಬಾಯಲ್ಲಿಟ್ಟುಕೊಂಡು ಕೂತಿದ್ದ ಹುಡುಗಿ ಎಂದು ಬೀದಿಯೆಲ್ಲ ಉಗಿಯಿತು. ಅವಳ ತಾಯಿಯೇ ಬಾಗಿಲಲ್ಲಿ ನಿಂತು, ಅವತ್ತು ಮಧ್ಯಾಹ್ನ ಮಗಳು ಎಂದಿನಂತೆ ಊಟ ಮಾಡಿದಳೆಂದು ಅಳುತ್ತಾ ಹೇಳಿದಳು. ಆ ಮಾತು ಹೆಟ್ಟಿಯ ಕಿವಿಗೂ ಬಿತ್ತು.

ಗುರುವಾರ ಮಣ್ಣು ಮಾಡಿದರು. ಸೋಮವಾರ ಹೆಟ್ಟಿ ಸ್ಟೂಲಿನಲ್ಲಿದ್ದಳು. ಎಲ್ಲರೂ ಅದೇ ಮಾತು ಹೇಳಿದರು. ಪಾದ್ರಿ ಹೇಳಿದ, ಡಾಕ್ಟರು ಹೇಳಿದ, ಆಗಿನ ಮೇಸ್ತ್ರಿ ಹೇಳಿದಳು. ನೋರಾಳೂ ಹೇಳಿದ್ದಳಂತೆ. “ಮತ್ತೇನು ಹೇಳೋದು ಹೇಳು? ಬೇರೆ ಮಾತು ಇಲ್ವಲ್ಲ ನಮ್ಹತ್ರ” ಎಂದು ನನ್ನೊಡನೆ ಅವಳೇ ಅಂದಳು. ಆರು ವಾರ ಕೇಳಿಸಿಕೊಂಡರು. ಆಮೇಲೆ ಹೆಟ್ಟಿ ಮಗಳ ಹೆಸರು ಎತ್ತಿದರೆ ಯಾರಾದರೊಬ್ಬರು ರೇಡಿಯೋದ ಹಾಡಿನ ಮಾತು ತೆಗೆಯುತ್ತಿದ್ದರು. ಒಂದು ದಿನ ಹೆಸರೆತ್ತಿದ ಕೂಡಲೇ ಇಡೀ ಬೆಂಚು ಎದ್ದು ಚಹಾಕ್ಕೆ ಹೋಯಿತು.

ಡಿಸೆಂಬರಿನಲ್ಲಿ ಒಂದು ಸಂಜೆ ಮನೆಗೆ ಬಂದು ನೋಡಿದರೆ ಮಗಳ ಕಪಾಟು ಖಾಲಿ. ಅತ್ತೆ ಬಟ್ಟೆಯನ್ನೆಲ್ಲ ಹಂಚಿಬಿಟ್ಟಿದ್ದಳು. ಹೆಟ್ಟಿ ಕ್ರಿಸ್‌ಮಸ್ಸಿಗೆಂದು ಹೊಲಿದಿಟ್ಟಿದ್ದ, ಒಮ್ಮೆಯೂ ಹಾಕದ ಕೆಂಪು ಉಣ್ಣೆ ಕೋಟು ಪಾಲಿನ್‌ಳ ಮನೆಗೆ ಹೋಗಿತ್ತು.

“ಅವಳಿಗಾ? ಅವಳಿಗೆ ಕೊಟ್ರಾ?”

“ಒಳ್ಳೇ ಬಟ್ಟೆ. ನುಸಿಗೆ ಹಾಕ್ಲಾ? ಅವರ ಮನೇಲಿ ಐದು ಮಕ್ಕಳು, ಒಂದು ಕೋಟಿಲ್ಲ. ನೀನಿನ್ನು ಇದನ್ನೆಲ್ಲ ದಾಟ್ಬೇಕು ಹೆಟ್ಟಿ. ಕಣ್ಣೆದುರಿಗೆ ಇದ್ರೆ ಹೇಗೆ ದಾಟ್ತೀಯಾ?”

ಕೋಟು ಕಣ್ಣೆದುರಿಗೇ ಇತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಮುಂದೆ ಶಾಲೆಗೆ ಹೋಗುತ್ತಿತ್ತು. ಹೆಟ್ಟಿ ಜನವರಿಯವರೆಗೆ ತಡೆದುಕೊಂಡಳು. ಹಿಮ ಬಿದ್ದ ಒಂದು ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಪಾಲಿನ್‌ಳನ್ನು ನಿಲ್ಲಿಸಿ ಮೊಣಕಾಲೂರಿ ಕೂತಳು. ಕೋಟಿನ ಗುಂಡಿಗಳನ್ನು ಮೇಲಿಂದ ಒಂದೊಂದಾಗಿ ಬಿಚ್ಚತೊಡಗಿದಳು.

“ಅವತ್ತು ಊಟಕ್ಕೆ ಏನಿತ್ತು ನಿಮ್ಮನೇಲಿ?”

ಹುಡುಗಿ ಕೋಟಿನ ಅಂಚು ಹಿಡಿದುಕೊಂಡಳು.

“ಶನಿವಾರ. ಏನು ತಿಂದೆ?”

“ಓಟ್ಸ್ ದೋಸೆ, ಆಂಟಿ. ಚೀಸ್ ಹಾಕಿದ್ದು.”

“ಎಷ್ಟು?”

“ಎರಡು.”

“ಎರಡು” ಎಂದು ಹೆಟ್ಟಿ ಕೊನೆಯ ಗುಂಡಿ ಬಿಚ್ಚಿ, ಕೋಟನ್ನು ತೆಗೆದು ಮಡಚಿ ತೋಳಿಗೆ ಹಾಕಿಕೊಂಡಳು. “ಈಗ ಮನೆಗೆ ಹೋಗು.” ತೆಳು ಫ್ರಾಕಿನಲ್ಲಿ ಹಿಮ ತುಳಿದುಕೊಂಡು ಹೋದ ಹುಡುಗಿ ಶ್ವಾಸಕೋಶಕ್ಕೆ ನಂಜು ತಾಗಿ ಐದು ವಾರ ಮಲಗಿದಳು. ಬದುಕಿದಳು. ಬೀದಿಯವರು ಆಮೇಲೆ ಹೆಟ್ಟಿಯ ಜೊತೆ ಮಾತು ಬಿಟ್ಟರು. ಕೋಟನ್ನು ಆಕೆ ಹೊರೇಸನ ಕೈಯಲ್ಲಿ ಕೊಟ್ಟು ಭಟ್ಟಿಗೆ ಹಾಕಿಸಿದಳಂತೆ.

ಏಳು ವರ್ಷದ ಮೇಲೆ ಪಾಲಿನ್ ಹದಿನೈದು ತುಂಬಿ ಶಾಲೆ ಬಿಟ್ಟು ಅದೇ ಬಣ್ಣದ ಕೋಣೆಗೆ ಕೆಲಸ ಕಲಿಯಲು ಬಂದಳು. ಆ ಊರಿನ ಹೆಣ್ಣುಮಕ್ಕಳಿಗೆ ಬೇರೆ ಕೆಲಸವೂ ಹೆಚ್ಚಿರಲಿಲ್ಲ. ಯಾರ ಪಕ್ಕ ಕೂರಿಸುವುದು ಎಂಬ ಮಾತು ಬಂದಾಗ ಹೆಟ್ಟಿ ತಾನೇ ಎದ್ದು, “ನಂಗೆ ಕೊಡಿ” ಅಂದಳು. ಎಲ್ಲರೂ ಮೆಚ್ಚಿದರು. ನೋಡಿ, ಹೆಟ್ಟಿ ಕೊನೆಗೂ ದಾಟಿಕೊಂಡಳು ಅಂದರು.

ಆಮೇಲಿನದನ್ನು ನನಗೆ ಹೇಳಿದ್ದು ನೋರಾ. ಹುಡುಗಿ ದಿನಕ್ಕೆ ನಲವತ್ತು ಬಟ್ಟಲಿಗೆ ಗೆರೆ ಎಳೆಯುತ್ತಿದ್ದಳು, ನಲವತ್ತನ್ನೂ ಹೆಟ್ಟಿ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಹಾಕುತ್ತಿದ್ದಳು. ಚೆನ್ನಾಗಿದ್ದದ್ದನ್ನೂ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಊಟದ ಹೊತ್ತಿಗೆ ಹುಡುಗಿ ಡಬ್ಬಿ ಬಿಚ್ಚಿದಾಗ ಬಾಗಿ ನೋಡಿ, “ಎರಡಾ?” ಎಂದು ಕೇಳುತ್ತಿದ್ದಳು. ಅಷ್ಟೇ. ಪಾಲಿನ್ ಮೊದಮೊದಲು ಡಬ್ಬಿ ಮುಚ್ಚಿಬಿಡುತ್ತಿದ್ದಳು. ಆಮೇಲಾಮೇಲೆ ಮುಖ ನೋಡದೆ ತಿನ್ನಲು ಕಲಿತಳು. ಗೆರೆ ಎಳೆಯುವುದನ್ನೂ ಕಲಿತಳು. ಇಪ್ಪತ್ತೆಂಟಕ್ಕೇ ಮೇಸ್ತ್ರಿಯಾದಳು. “ಎರಡಾ?” ಎಂದು ಹೆಟ್ಟಿ ಕೇಳುವುದು ಆವತ್ತಿನವರೆಗೂ ನಿಂತಿರಲಿಲ್ಲ. ನಾನು ಸೇರಿದ ವರ್ಷವೇ ಅವಳ ಕೈಗೆ ಅಧಿಕಾರ ಬಂದ ಮೇಲೆ ನಿಂತಿತು.

ಎಪ್ಪತ್ತೆಂಟರಲ್ಲಿ ಹೆಟ್ಟಿಯ ಬಲಗೈ ನಡುಗತೊಡಗಿತು. ಮೊದಲು ಮೊಣಕೈ ಬೆಂಚಿಗೊತ್ತಿ ತಡೆದಳು. ಆಮೇಲೆ ಅದೂ ಸಾಲಲಿಲ್ಲ. ಬಟ್ಟಲಿನ ತಳದಲ್ಲಿ ಪ್ರತಿಯೊಬ್ಬಳೂ ತನ್ನ ಗುರುತು ಹಾಕಬೇಕಿತ್ತು. ಆಕೆಯ ಕೆಟ್ಟ ಬಟ್ಟಲುಗಳಿಗೆ ನಾನು ನನ್ನ ಗುರುತು ಹಾಕಿ, ನನ್ನ ಒಳ್ಳೆಯ ಬಟ್ಟಲುಗಳಿಗೆ ಆಕೆಯ ಗುರುತು ಹಾಕುತ್ತಿದ್ದೆ. ಆಕೆ ಕೇಳಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎರಡು ತಿಂಗಳು ನಡೆಯಿತು. ಒಂದು ದಿನ ಪಾಲಿನ್ ನನ್ನ ತಟ್ಟೆಯಿಂದ ಒಂದು ಬಟ್ಟಲು ಎತ್ತಿ ಬೆಳಕಿಗೆ ಹಿಡಿದಳು.

“ಇದು ಯಾರದ್ದು ಸಾರಾ?”

“ನಂದೇ.”

“ನಿಂದಾದ್ರೆ ಸೋಮವಾರದಿಂದ ನೀನು ಬರೋದು ಬೇಡ. ಯಾರದ್ದು?”

ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಯಜಮಾನರಿಗೆ ಕೆಲಸ ಹೋಗಿ ಚಳಿಗಾಲವೇ ಕಳೆದಿತ್ತು. ಇವೆಲ್ಲ ಆಮೇಲೆ ನಾನು ನನಗೇ ಹೇಳಿಕೊಂಡ ಕಾರಣಗಳು. ಆ ಕ್ಷಣದಲ್ಲಿ ಯೋಚನೆಯನ್ನೇ ಮಾಡಲಿಲ್ಲ. ಗದ್ದ ಎತ್ತಿ ಪಕ್ಕಕ್ಕೆ ತೋರಿಸಿದೆ.

ಪಾಲಿನ್ ಹನ್ನೆರಡು ಬಿಳಿ ಬಟ್ಟಲು ತರಿಸಿ ಹೆಟ್ಟಿಯ ಮುಂದೆ ಸಾಲಾಗಿ ಇಡಿಸಿದಳು. “ಎಲ್ಲರೂ ಕುಂಚ ಕೆಳಗಿಡಿ” ಅಂದಳು. ಇಪ್ಪತ್ತು ಮಂದಿ ನೋಡುತ್ತಿದ್ದಂತೆ ಹೆಟ್ಟಿ ಮೊದಲನೆಯದಕ್ಕೆ ಗೆರೆ ಎಳೆದಳು. ಪಾಲಿನ್ ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, ಬಟ್ಟೆಯಿಂದ ಒರೆಸಿದಳು. “ಇನ್ನೊಂದು.” ಎರಡನೆಯದು ತಕ್ಕಮಟ್ಟಿಗೆ ಚೆನ್ನಾಗಿತ್ತು, ನನಗೂ ಕಂಡಿತು. ಅದನ್ನೂ ಒರೆಸಿದಳು. “ಇನ್ನೊಂದು.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಏಳನೆಯದರಲ್ಲಿ ಕುಂಚ ಜಾರಿ ಕಂದು ಹನಿಯೊಂದು ಬಟ್ಟಲಿನ ಹೊಟ್ಟೆಯ ಮೇಲೆ ಇಳಿಯಿತು. ಹತ್ತನೆಯದಕ್ಕೆ ಹೆಟ್ಟಿ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಳು. ತಿರುಗುಮಣೆ ತಳ್ಳಲು ಕೈಯೇ ಉಳಿಯಲಿಲ್ಲ. ಪಾಲಿನ್ ತಾನೇ ಬಗ್ಗಿ ಮಣೆಯನ್ನು ತಿರುಗಿಸಿ ಕೊಟ್ಟಳು. ಹನ್ನೆರಡೂ ಮುಗಿದಾಗ ಕೋಣೆಯೆಲ್ಲ ಟರ್ಪೆಂಟೈನ್ ವಾಸನೆ.

“ಸೋಮವಾರದಿಂದ ಬಕೆಟ್ ಹಿಡೀರಿ, ಹೆಟ್ಟಿ. ಮೆಟ್ಟಿಲು, ಕಕ್ಕಸು, ಕ್ಯಾಂಟೀನಿನ ನೆಲ.”

“ನಲವತ್ತೆರಡು ವರ್ಷ ಈ ಸ್ಟೂಲಲ್ಲಿ ಕೂತಿದೀನಿ ನಾನು.”

“ಗೆಟ್ ಓವರ್ ಇಟ್, ಡಕ್.”

ನೋರಾ ನಕ್ಕಳು. ಅವಳು ನಕ್ಕಿದ್ದಕ್ಕೆ ಇನ್ನೂ ನಾಲ್ಕು ಜನ ನಕ್ಕರು. ನಾನು ನಗಲಿಲ್ಲ, ತಟ್ಟೆಯ ಬಟ್ಟಲುಗಳ ತಳ ನೋಡುತ್ತಾ ಕೂತೆ.

ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆವು. ಹೋಗಲಿಲ್ಲ. ನಾಲ್ಕು ವರ್ಷ ಬಕೆಟ್ ಹಿಡಿದಳು. ಹಿಂದೆ ಆಕೆಯ ಬಾಯಿಗೆ ಹೆದರುತ್ತಿದ್ದ ಹುಡುಗಿಯರು ಆಕೆ ಒರೆಸಿದ ನೆಲದ ಮೇಲೆ ಬೇಕೆಂದೇ ಬ್ರೆಡ್ಡಿನ ಚೂರು ಉದುರಿಸುತ್ತಿದ್ದರು. ಪಾಲಿನ್ ಒದ್ದೆ ನೆಲದ ಮೇಲೆ ಶೂ ಹಾಕಿಕೊಂಡೇ ನಡೆದು ಬಂದು ಕೇಳುತ್ತಿದ್ದಳು: “ಎಷ್ಟು ಸಲ ಒರೆಸಿದ್ರಿ? ಎರಡಾ?” ಹೆಟ್ಟಿ ಮತ್ತೆ ಬಕೆಟ್ಟಿನಲ್ಲಿ ಬಟ್ಟೆ ಅದ್ದುತ್ತಿದ್ದಳು. ನನ್ನೊಡನೆ ಮಾತ್ರ ಮಾತು ಬಿಡಲಿಲ್ಲ. ಗದ್ದ ಎತ್ತಿ ತೋರಿಸಿದ್ದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅದು ಗೊತ್ತಿದ್ದೇ ಬೈಯಲಿಲ್ಲವೇನೋ.

ಎಂಬತ್ತೆರಡರಲ್ಲಿ ಆಕೆಗೆ ಅರವತ್ತಾಯಿತು. ಬೀಳ್ಕೊಡುಗೆಗೆ ಕಾರ್ಖಾನೆಯ ಎರಡನೇ ದರ್ಜೆಯ ಟೀ ಸೆಟ್ಟು ಕೊಟ್ಟರು. ಆಕೆ ಹೋದ ಮೇಲೆ ಕ್ಯಾಂಟೀನಿನಲ್ಲಿ ನಾನೊಬ್ಬಳೇ ಇದ್ದಾಗ ಪಾಲಿನ್ ಎದುರಿಗೆ ಬಂದು ಕೂತಳು.

“ನೀನು ಅವಳ ಮನೆಗೆ ಹೋಗ್ತಿಯಂತಲ್ಲ.”

“ಭಾನುವಾರ ಒಂದೊಂದ್ಸಲ.”

ಸಿಗರೇಟು ಹಚ್ಚಿ ಅರ್ಧ ಮುಗಿಸಿದಳು.

“ನಾನು ಹೇಳಿದ್ದೆ ಸಾರಾ. ಅವತ್ತು ಹೊಂಡದಿಂದ ಓಡಿದ್ದು ನಮ್ಮನೆಗಲ್ಲ, ಅವರ ಮನೆಗೆ. ಅವಳತ್ತೆ ಮುದುಕಿ ಬಾಗಿಲು ತೆಗೆದ್ಲು. ಗ್ಲೆನಿಸ್ ನೀರಿಗೆ ಬಿದ್ಲು ಅಂದೆ. ಸುಳ್ಳಿ ಅಂತ ಕೆನ್ನೆಗೆ ಹೊಡೆದ್ಲು. ಹಿಂದಿನ ವಾರ ನಾನು ಪ್ರಾರ್ಥನಾ ಮಂದಿರದಲ್ಲಿ ಕುದುರೆ ನೋಡ್ದೆ ಅಂತ ಊರಿಗೆಲ್ಲ ಹೇಳಿದ್ದೆ, ಅದಕ್ಕೆ. ‘ಮನೆಗೋಗಿ ಉಣ್ಣು ಹೋಗು, ಇನ್ನೊಂದ್ಸಲ ಇಂಥ ಮಾತಾಡಿದ್ರೆ ನಾಲಿಗೆ ಕೊಯ್ತೀನಿ’ ಅಂದ್ಲು. ಹೋದೆ. ದೊಡ್ಡೋರು ಸುಳ್ಳು ಅಂದ್ಮೇಲೆ ಸುಳ್ಳೇ ಇರ್ಬೇಕು ಅನ್ನಿಸ್ತು. ಅಮ್ಮ ಬಡಿಸಿದ್ಲು, ತಿಂದೆ.”

“ಪೊಲೀಸಿನವರಿಗೆ ಯಾಕೆ ಹೇಳ್ಲಿಲ್ಲ?”

“ಮುದುಕಿ ಅವನ ಪಕ್ಕಾನೇ ನಿಂತಿದ್ಲು. ನನ್ನೇ ನೋಡ್ತಿದ್ಲು.” ಸಿಗರೇಟು ಆರಿಸಿದಳು. “ಆಮೇಲೆ ಕೋಟು ತಂದು ಕೊಟ್ಲು.”

ಮುಂದಿನ ಭಾನುವಾರವೇ ನಾನು ಹೆಟ್ಟಿಯ ಮನೆಗೆ ಹೋದೆ. ಮಾಂಸದ ಸಾರಿಗೆ ಆಲೂಗಡ್ಡೆ ಹೆರೆಯುತ್ತಿದ್ದಳು. ಕೈ ನಡುಗಿ ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. ನಾನು ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. ಆಕೆಯ ಚಾಕು ನಿಲ್ಲಲಿಲ್ಲ.

“ಗೊತ್ತು” ಅಂದಳು.

“ಏನು ಗೊತ್ತು?”

“ಎಲ್ಲಾ. ಮುದುಕಿ ಐವತ್ತೆಂಟರಲ್ಲಿ ಸಾಯೋ ಮುಂಚೆ ಹೇಳಿದ್ಲು. ಕೈ ಹಿಡ್ಕೊಂಡು ಕ್ಷಮಿಸು ಅಂದ್ಲು. ಆಗ್ಲಿ ಅಂದೆ. ಎರಡು ದಿನಕ್ಕೆ ಸತ್ತೋದ್ಲು.”

“ಪಾಲಿನ್ ಕೆಲಸಕ್ಕೆ ಸೇರಿದ್ದು ಅರವತ್ತೆರಡರಲ್ಲಿ.”

“ಲೆಕ್ಕ ನಂಗೂ ಬರುತ್ತೆ ಕಣೇ.”

“ಗೊತ್ತಿದ್ದೂ ಅವಳನ್ನ ಕೇಳಿ ಪಕ್ಕಕ್ಕೆ ಕೂರಿಸ್ಕೊಂಡ್ರಾ? ಹದಿಮೂರು ವರ್ಷ ಅಷ್ಟೆಲ್ಲ ಮಾಡಿದ್ರಾ?”

ಹೆಟ್ಟಿ ಆಗ ತಲೆಯೆತ್ತಿದಳು. ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಏನೂ ತಿಳಿಯದ ಹೊಸಬಳಿಗೆ ಕೆಲಸ ಕಲಿಸುವವಳ ಹಾಗೆ ಹೇಳಿದಳು.

“ಮುದುಕಿ ಸತ್ತಿದ್ಲಲ್ಲ. ಸತ್ತೋರನ್ನ ಏನ್ ಮಾಡೋದು? ಇವಳು ಬದುಕಿದ್ಲು, ಕೈಗೆ ಸಿಕ್ಕಿದ್ಲು. ದಾಟು ದಾಟು ಅಂತ ಊರೆಲ್ಲ ನನ್ನ ಬೆನ್ನಿಗೆ ಬಿದ್ದಿತ್ತು. ಎತ್ತರದ ಗೋಡೆ ದಾಟ್ಬೇಕಾದ್ರೆ ಕಾಲ ಕೆಳಗೆ ಏನಾದ್ರೂ ಬೇಕಲ್ಲ ಸಾರಾ. ಸಿಕ್ಕಿದ್ದರ ಮೇಲೆ ಕಾಲಿಟ್ಟೆ.”

“ದಾಟಿದ್ರಾ?”

“ಒಲೆ ಮೇಲೆ ನೀರು ಕುದೀತಾ ಇದೆ, ನೋಡು.”

ನಾನು ಎದ್ದು ಒಲೆ ಸಣ್ಣ ಮಾಡಿದೆ. ಪಾಲಿನ್‌ಳನ್ನು ಕರೆದುಕೊಂಡು ಬರುತ್ತೇನೆ, ನೀವೇ ಒಂದು ಮಾತು ಹೇಳಿಬಿಡಿ ಎಂದು ಕೇಳಿದೆ. ಬೇಡಿಕೊಂಡೆ ಅಂದರೂ ಸರಿ.

“ಯಾಕೆ? ಹೇಳಿದ್ರೆ ಅವಳಿಗೆ ಏನ್ ಸಿಗುತ್ತೆ? ಈಗಾದ್ರೆ, ಪಾಪ ಹೆಟ್ಟಿಗೆ ಗೊತ್ತಿಲ್ಲ, ಅದಕ್ಕೇ ಮಾಡಿದ್ಲು ಅಂತ ಅಂದ್ಕೊಂಡಿದಾಳೆ. ಗೊತ್ತಿದ್ದೇ ಮಾಡಿದ್ಲು ಅಂತ ಹೇಳ್ಬೇಕಾ? ನಿಂಗೆ ಅಷ್ಟು ಇಷ್ಟ ಇದ್ರೆ ನೀನೇ ಹೋಗಿ ಹೇಳು. ತೋರ್ಸಿಕೊಡೋದು ನಿಂಗೆ ಹೊಸದಲ್ವಲ್ಲ.”

ನಾಲ್ಕು ವರ್ಷ ಕಾದು ಅಂದ ಮಾತು ಅದು. ಆಮೇಲೆ ನಾನು ಆ ಮನೆಗೆ ಹೋಗುವುದು ಕಡಿಮೆಯಾಯಿತು.

ಎಂಬತ್ತಾರರ ಮಾರ್ಚಿನಲ್ಲಿ ಹೆಟ್ಟಿ ಸತ್ತಳು. ಹಾಲಿನವನು ಮೂರು ದಿನದ ಬಾಟಲಿ ಬಾಗಿಲಲ್ಲೇ ಇದ್ದದ್ದು ನೋಡಿ ಹೇಳಿದ ಮೇಲೆ ಗೊತ್ತಾಯಿತು. ಮಣ್ಣಿಗೆ ಹನ್ನೊಂದು ಜನ ಬಂದಿದ್ದರು. ಪಾಲಿನ್ ಬಂದು ಹಿಂದಿನ ಸಾಲಿನಲ್ಲಿ ನಿಂತು ಎಲ್ಲ ಹಾಡುಗಳನ್ನೂ ಗಟ್ಟಿಯಾಗಿ ಹಾಡಿದಳು. ಹೊರಗೆ ಬಸ್ ನಿಲ್ದಾಣದಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಾಳಿಗೆ ಅವಳ ಮೂಗು ಕೆಂಪಾಗಿತ್ತು.

“ಸಾರಾ, ನೀನು ಹೇಳಿದ್ಯಾ ಅವಳಿಗೆ? ನಾನು ಹೇಳಿದ್ದನ್ನ?”

“ಹೇಳಿದೆ.”

“ಏನಂದ್ಲು?”

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೆಟ್ಟಿಗೆ ಎಂದೋ ತಿಳಿದಿತ್ತು ಎನ್ನುವಷ್ಟು ಹೇಳಿದ್ದರೆ ಸಾಕಿತ್ತು.

“ತುಂಬಾ ಅತ್ರು” ಅಂದೆ. “ಪಾಪದ ಹುಡುಗಿಗೆ ಅನ್ಯಾಯ ಮಾಡ್ಬಿಟ್ಟೆ ಅಂತ.”

“ಹೌದಾ? ಹೆಟ್ಟಿ ಅತ್ಲಾ?”

“ಅತ್ರು.”

“ನಂಗೋಸ್ಕರ?”

ನಲವತ್ತರ ಹತ್ತಿರದ ಹೆಂಗಸು, ಇಪ್ಪತ್ತು ಜನರನ್ನು ಕಣ್ಸನ್ನೆಯಲ್ಲಿ ಆಳುವವಳು, ಮಗುವಿನ ಹಾಗೆ ನನ್ನ ತೋಳು ಹಿಡಿದು ಅದನ್ನೇ ಮತ್ತೆ ಮತ್ತೆ ಕೇಳಿದಳು. ಯಾವ ದಿನ ಅತ್ತಳು, ಎಲ್ಲಿ ಕೂತಿದ್ದಳು, ಏನು ಮಾತಾಡಿದಳು. ನಾನು ಒಂದೊಂದಾಗಿ ಕಟ್ಟಿ ಕಟ್ಟಿ ಹೇಳಿದೆ. ಆಮೇಲೆ ಅವಳು ಅಳತೊಡಗಿದಳು, ಅಷ್ಟು ಜೋರಾಗಿ ಅಳುವವರನ್ನು ನಾನು ಆ ಊರಿನಲ್ಲಿ ಎಂದೂ ಕಂಡಿರಲಿಲ್ಲ. ಮೊದಲ ಬಸ್ಸು ಬಂತು. ಡ್ರೈವರು ನಮ್ಮನ್ನು ನೋಡಿ, ನಿಲ್ಲಿಸದೆ ಹೋದ.